ಮೂಗಿನ ಎಡಗಡೆಯ ದೊಡ್ಡ ತೂತು

ಮೊಮ್ಮಕ್ಕಳೇ, ನಿಮ್ಮೆಲ್ಲರಲ್ಲಿ ಹಿರಿಯಳು ಭೀಮರಾಯನಗುಡಿಯ ಕೃಷಿ ಕಾಲೇಜಿನಿಂದ ರಜೆಗೆ ಗೋಗಿಗೆ ಬಂದಾಗ ನಮ್ಮ ಹೊಲದ ಮಣ್ಣು ಪರೀಕ್ಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪರೀಕ್ಷೆ ಮಾಡಿದ್ದು ತನ್ನ ಮೂಗನ್ನು. ಬೆಳಿಗ್ಗೆ ಕನ್ನಡಿ, ಮಧ್ಯಾಹ್ನ ಕನ್ನಡಿ, ಸಂಜೆ ಮೊಬೈಲಿನಲ್ಲಿ ಅದೇ ಮೂಗು ಕುಂಬಳಕಾಯಿಯಷ್ಟು ದೊಡ್ಡದಾಗಿ. ಮೂಗಿನ ಸಣ್ಣ ತೂತುಗಳಲ್ಲಿ ಎಣ್ಣೆ ಕಟ್ಟಿಕೊಂಡು ಕರಿ ಚುಕ್ಕೆಗಳಾಗಿವೆಯಂತೆ. ಸುರಪುರದಲ್ಲಿ ನಿಮ್ಮ ಮುತ್ಯಾನ ಅಕ್ಕನ ಮನೆಯ ಮದುವೆಯಿತ್ತು. ಆ ಚುಕ್ಕೆ ಕಂಡರೆ ಬೀಗರು ಊಟ ಬಿಟ್ಟು ಏಳುತ್ತಾರೆ ಎಂಬ ಹಾಗಿತ್ತು ಅವಳ ಚಿಂತೆ.

ಶಹಾಪುರದಿಂದ ಒಂದು ಟ್ಯೂಬು ತಂದಳು. ಒಳಗಿದ್ದದ್ದು ಥೇಟ್ ಡಾಂಬರು. ಮೂಗಿಗೆ ಬಳಿದು, ಒಣಗಿದ ಮೇಲೆ ಅಳುತ್ತ ಕಿತ್ತಳು. ಬಂದದ್ದು ಸಣ್ಣ ಕೂದಲು. ಚುಕ್ಕೆಗಳು ಆರಾಮಾಗಿ ಕೂತಲ್ಲೇ ಕೂತಿದ್ದವು. ಉಗುರಿನಿಂದ ಹಿಂಡಿದಳು, ಮೂಗು ಹಣ್ಣುಮೆಣಸಿನಕಾಯಿಯಾಯಿತು. ಕೊನೆಗೆ ನಾನು ಬಿಸಿನೀರಿನ ಹಬೆ ಹಿಡಿಸಿ, ಕಡಲೆಹಿಟ್ಟು ಮೊಸರು ಕಲಸಿ ಮೆಲ್ಲಗೆ ಉಜ್ಜಿದೆ. ಒಂದಿಷ್ಟು ಹೋದವು. ಹೆಸರು ಟ್ಯೂಬಿಗೆ ಬಂತು.

ಅಷ್ಟಕ್ಕೆ ಬಿಡಲಿಲ್ಲ. "ಆಯಿ, ನಿನ್ನ ಮೂಗ ನೋಡು, ಮಿರ್ಚಿಭಜಿಗತೆ ಎಣ್ಣಿ ಜಿನುಗಾಕತ್ತಾದ" ಎಂದು ನನ್ನನ್ನೂ ಹಬೆಯ ಮುಂದೆ ಕೂಡಿಸಿದಳು. ಸೆರಗು ಎಳೆದುಕೊಂಡೇ ಬದುಕಿದವಳು ನಾನು. ನನ್ನ ಮೂಗನ್ನು ಅಷ್ಟು ಹತ್ತಿರದಿಂದ ನಿಮ್ಮ ಮುತ್ಯಾ ಕೂಡ ನೋಡಿರಲಿಲ್ಲ.

"ಇದೊಂದು ಭಾಳ ದೊಡ್ಡದದ" ಎಂದಳು ಎಡಗಡೆ ಒತ್ತುತ್ತ.

ಅದು ಮೂಗುಬೊಟ್ಟಿನ ತೂತು. ನನ್ನ ಗಂಡ, ನಿಮ್ಮ ಮುತ್ಯಾ, ತೀರಿಕೊಂಡ ದಿನ ಅವರ ಅಕ್ಕ, ನನ್ನ ಹಿರಿಯ ನಾದಿನಿ, ತಾನೇ ಕೈಹಾಕಿ ಬೊಟ್ಟು ತೆಗೆದಿದ್ದಳು. ಹೆಣ ಎತ್ತುವುದಕ್ಕಿಂತ ಅದೇ ಅವಸರದ ಕೆಲಸವಾಗಿತ್ತಲ್ಲ. ತೂತು ಮುಚ್ಚಿದೆ ಎಂದೇ ತಿಳಿದಿದ್ದೆ. ರಾಗಿಕಾಳಿನಷ್ಟು ಜಿಡ್ಡು ಹೊರಬಂತು. ಆ ಹುಡುಗಿ ಬೇವಿನ ಕಡ್ಡಿ ಇಟ್ಟಳು, ಸಲೀಸಾಗಿ ಹೋಯಿತು.

ಮದುವೆಗೆ ಬೊಟ್ಟು ಹಾಕಿಕೋ ಎಂದಳು. ನಾದಿನಿಯ ಮುಖ ನೆನೆದು ಬೇಡ ಎಂದೆ. ಬೇಡ ಎಂದವಳು ಕಡ್ಡಿ ತೆಗೆಯಲಿಲ್ಲ. ನೆಗಡಿಗೆ ಇಟ್ಟಿದ್ದೇನೆ ಎಂದೆ, ಓಣಿಯವರು ನಂಬಿದರು. ಮದುವೆಯ ದಿನ ಟ್ರಂಕು ತೆರೆದೆ. ಬೊಟ್ಟು ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ.

ಸುರಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡಿದವಳು ತನ್ನ ಮೀನಿನ ವಾಸನೆಗೇ ಹಾಗೆ ಮಾಡುತ್ತಿದ್ದೇನೆಂದು ಮುನಿಸಿಕೊಂಡು ಎದ್ದುಹೋದಳು.

ಹಂದರದಲ್ಲಿ ನಾದಿನಿ ನೆಟ್ಟಗೆ ಬಂದು ನನ್ನ ಸೆರಗು ಸರಿಸಿದಳು. ಹೋದ ವರ್ಷ ಅವಳ ಗಂಡನೂ ತೀರಿಕೊಂಡಿದ್ದ. ಅವಳ ಮೂಗೂ ಬೋಳಾಗಿತ್ತು. ಅವಳ ಬೊಟ್ಟು ತೆಗೆಯುವ ಅವಸರ ಯಾರಿಗೆ ಇತ್ತೋ.

"ಇದನ್ನ ಯಾರು ಹಾಕ್ಯಾರ?"

"ನಾನಽ ಹಾಕ್ಕೊಂಡೀನ್ರಿ. ತೂತು ಇನ್ನೂ ಮುಚ್ಚಿಲ್ಲಂತ ಮೊಮ್ಮಗಳು ಒತ್ತಿ ನೋಡ್ಯಾಳ."

ಆ ಮನೆಯಲ್ಲಿ ನಾನು ಅಷ್ಟು ದೊಡ್ಡದಾಗಿ ಮಾತಾಡಿದ್ದು ಅದೇ ಮೊದಲು. ಅವಳು ಬಹಳ ಹೊತ್ತು ನನ್ನ ಮೂಗು ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿದ್ದ ಆ ಹುಡುಗಿಯ, ನಿಮ್ಮ ಅಕ್ಕನ, ಕೈ ಹಿಡಿದು ಅಡುಗೆಮನೆಯ ಹಿಂದೆ ಎಳೆದೊಯ್ದು, ಬೆಳಕಿಗೆ ಮುಖ ಒಡ್ಡಿ ಕೂತಳು.

"ನಂದೂ ಒಂದೀಟು ಒತ್ತಿ ನೋಡವ್ವ. ಪೂರಾ ಮುಚ್ಯಾದೇನು?"