ವರ್ನಾಳ ಬಾತುಕೋಳಿ

ಬೆಳಗ್ಗೆ ಎದ್ದ ಕೂಡಲೇ ಲೋಕದ ಗೋಳು ಓದುವವರ ಮುಖ ಎಂಥ ಕಾಫಿ ಕುಡಿದರೂ ಅರಳುವುದಿಲ್ಲ ಎಂಬುದು ವರ್ನಾ ಪ್ರುಯಿಟ್‌ಳ ಸಿದ್ಧಾಂತವಾಗಿತ್ತು. ಓಹಿಯೋ ನದಿಯ ದಡದ ನಮ್ಮ ಊರಿನಲ್ಲಿ, ಸೇತುವೆ ಪಕ್ಕದ ಹೋಟೆಲಿನ ಕೌಂಟರಿನ ಹಿಂದೆ ನಿಂತು ಅವಳು ಒಂದು ಆಯುಷ್ಯದಷ್ಟು ಕಾಫಿ ಸುರಿದಳು. ಯಾರಾದರೂ ಯುದ್ಧದ ಸುದ್ದಿ ಬಿಡಿಸಿಕೊಂಡು ಕೂತರೆ ಪತ್ರಿಕೆಯನ್ನು ಕಿತ್ತುಕೊಂಡು, ಕಾಮಿಕ್ಸ್ ಪುಟ ಮೇಲೆ ಬರುವಂತೆ ಮಡಿಸಿ ತಟ್ಟೆಯ ಪಕ್ಕ ಇಡುತ್ತಿದ್ದಳು. ಮೊದಲು ನಕ್ಕುಬಿಡು, ಅಳೋದು ದಿನವಿಡೀ ಇದ್ದೇ ಇದೆ ಎನ್ನುವಳು. ಅವಳ ಈ ದಬ್ಬಾಳಿಕೆಗೆ ಯಾರೂ ಎದುರು ಹೇಳುತ್ತಿರಲಿಲ್ಲ.

ಈ ಹುಚ್ಚು ಅಪ್ಪನಿಂದ ಬಂದದ್ದು. ಅವನು ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿದ್ದ. ವಾರಗಟ್ಟಲೆ ನದಿಯ ಮೇಲೆಯೇ ವಾಸ. ಅಷ್ಟು ದಿನದ ಕಾಮಿಕ್ಸ್ ಪುಟಗಳನ್ನು ಅಮ್ಮ ಅಡುಗೆಮನೆಯ ಕಪಾಟಿನ ಮೇಲೆ ಒಟ್ಟಿಡುತ್ತಿದ್ದಳು. ಮನೆಗೆ ಬಂದ ಮಾರನೆಯ ಬೆಳಗ್ಗೆ ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾಫಿ ಹೀರುತ್ತಾ ಅಷ್ಟನ್ನೂ ಓದುವನು. ನಾಯಿಗೊಂದು ದನಿ, ಜಿಪುಣ ಚಿಕ್ಕಪ್ಪನಿಗೊಂದು ದನಿ. ಭಾನುವಾರದ ಬಣ್ಣದ ಪುಟದ ಶಾಯಿ ಅವನ ಹೆಬ್ಬೆರಳಿಗೆ ಹತ್ತಿ, ಅಲ್ಲಿಂದ ಅವಳ ಕೆನ್ನೆಗೆ ಹತ್ತುತ್ತಿತ್ತು. ಅಷ್ಟು ಸುಖ ತನಗೆ ಮದುವೆಯಲ್ಲೂ ಸಿಗಲಿಲ್ಲವೆಂದು ಗಂಡ ಬದುಕಿದ್ದಾಗ ವರ್ನಾ ಅವನ ಎದುರಿಗೇ ಹೇಳುತ್ತಿದ್ದಳು. ಅವನು, ಪಾಪ, ಇರಬಹುದು ಎನ್ನುತ್ತಿದ್ದ.

ಕಾಲ ಸರಿದಂತೆ ಊರಿನ ಪತ್ರಿಕೆ ಬಡಕಲಾಯಿತು. ಒಂದು ಸೋಮವಾರ ನೋಡಿದರೆ ಕಾಮಿಕ್ಸ್ ಪುಟವೇ ಇಲ್ಲ. ಗಾಜಿನ ಕಾರ್ಖಾನೆ ಮುಚ್ಚಿದಾಗ ತೆಪ್ಪಗಿದ್ದವರೂ ಅವತ್ತು ಕೌಂಟರ್ ಗುದ್ದಿದರು. ವರ್ನಾ ಗುದ್ದಲಿಲ್ಲ; ಹೋಗಿ ಒಂದು ಟ್ಯಾಬ್ ಕೊಂಡು ತಂದಳು. ಅಂತರ್ಜಾಲದಲ್ಲಿ ಹುಡುಕಿದರೆ ಕಾಮಿಕ್ಸಿನ ಹಳೆಯ ಗೆಳೆಯರೆಲ್ಲ ಅಲ್ಲಿದ್ದರು, ಕಂಡು ಕೇಳರಿಯದ ಹೊಸಬರೂ ಇದ್ದರು. ಮೊದಲ ಕಾಫಿ ಇಳಿಯುವಷ್ಟರಲ್ಲಿ ಟ್ಯಾಬ್ ಕೌಂಟರಿನ ಮೇಲೆ ಕೈಯಿಂದ ಕೈಗೆ ಸಾಗುತ್ತಿತ್ತು. ಶಾಯಿಯ ವಾಸನೆಯೊಂದು ಇರಲಿಲ್ಲ.

ದಿನಾ ತಪ್ಪದೆ ಬರುವವರು ಇಬ್ಬರು. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದ ಆರ್ಲೊ ಮಹಾ ಬಾಯಿಬಡುಕ. ಗಂಡ ಹೆಂಡಿರ ಜಗಳದ ಕಾಮಿಕ್ಸ್ ಬಿಟ್ಟರೆ ಬೇರೆ ಯಾವುದೂ ಅವನ ತಲೆಗೆ ಹತ್ತದು. ಇನ್ನೊಬ್ಬ ಕ್ಲೈಡ್ ಬಾಸ್ಕಮ್, ಊರಿನ ಅರ್ಧ ಅಂಗಡಿಗಳಿಗೆ ಬೋರ್ಡ್ ಬರೆದವನು. ಅವನಿಗೆ ಇಷ್ಟವಾಗಿದ್ದು ದೂರದ ಕಡಲತೀರದ ಯಾವಳೋ ಹುಡುಗಿ ದಿನಾ ಬರೆದು ಹಾಕುತ್ತಿದ್ದ ಚಿತ್ರಗಳು. ಮುದಿ ಅಂಚೆಯವನೊಬ್ಬ, ಅವನ ಬೆನ್ನು ಬಿಡದ ಒಂದು ಬಾತುಕೋಳಿ, ಅಷ್ಟೇ. ಒಂದಕ್ಷರ ಮಾತಿಲ್ಲ. ಕ್ಲೈಡ್ ಟ್ಯಾಬನ್ನು ಮೂಗಿನ ಹತ್ತಿರ ಹಿಡಿದು, ಆ ಹುಡುಗಿಯ ಗೆರೆ ನೋಡಿ ತಲೆದೂಗುತ್ತಿದ್ದ.

ಒಂದು ಬೆಳಗ್ಗೆ ವರ್ನಾ ಕಾಫಿ ಸುರಿಯಲು ಬಗ್ಗಿದಾಗ ಕ್ಲೈಡ್ ಹಾಗೆಯೇ ತಲೆದೂಗಿ ನಗುತ್ತಿದ್ದ. ಟ್ಯಾಬ್ ಆರಿಹೋಗಿ ಪರದೆ ಪೂರಾ ಕಪ್ಪಾಗಿತ್ತು.

ಹೆಂಡತಿ ಸತ್ತಾಗ ಈ ಮನುಷ್ಯ ಇಡೀ ಚಳಿಗಾಲ ಮನೆಯ ಬಾಗಿಲು ತೆಗೆದಿರಲಿಲ್ಲ. ಈಗ ಅವನಿಗೆ ಉಳಿದಿದ್ದು ಈ ಕೌಂಟರ್ ಒಂದೇ. ಕಣ್ಣು ಕಾಣುವುದಿಲ್ಲವೆಂದು ಆರ್ಲೊಗೆ ಗೊತ್ತಾಗಿ ಅವನು ಒಂದು ಮಾತು ಕುಟುಕಿದರೂ ಸಾಕು, ಕ್ಲೈಡ್ ಮತ್ತೆ ಬರುವುದಿಲ್ಲ; ಬರದಿದ್ದರೆ ಅವನು ಉಳಿಯುವುದೂ ಇಲ್ಲ.

ಮರುದಿನವೇ ಹೊಸ ಕಾನೂನು ಬಂತು. ಬೆಣ್ಣೆ ಕೈಯಲ್ಲಿ ಮುಟ್ಟಿ ಟ್ಯಾಬಿನ ಗಾಜೆಲ್ಲ ಗಲೀಜು ಮಾಡುತ್ತೀರಿ, ಇನ್ನು ಮೇಲೆ ನಾನೇ ಓದುತ್ತೇನೆ ಎಂದಳು. ಆರ್ಲೊ ಗೊಣಗಿದ. ಕ್ಲೈಡ್ ಕಾಫಿಗೆಂದು ಕಪ್ಪು ಮುಂದೆ ತಳ್ಳಿದ. ಮಾತಿರುವ ಕಾಮಿಕ್ಸ್ ಓದುವುದು ಸಲೀಸು. ಮಾತಿಲ್ಲದ ಬಾತುಕೋಳಿಯೇ ಕಷ್ಟಕ್ಕೆ ಬಂತು. ಅಂಚೆಯವನು ನಿಂತಿದ್ದಾನೆ, ಬಾತು ನಿಂತಿದೆ ಎಂದರೆ ಯಾರು ನಗುತ್ತಾರೆ? ಅದಕ್ಕೆ ವರ್ನಾ ಬಾತಿಗೆ ಅಪ್ಪನ ಹಾಗೆ ದನಿ ಕೊಟ್ಟಳು. ದನಿ ಬಂದ ಮೇಲೆ ಬಾತಿಗೆ ಸಿಟ್ಟು ಬಂತು, ಹಟ ಬಂತು, ಪಾದ್ರಿಯ ಮೇಲೆ ಹಳೆಯ ದ್ವೇಷವೂ ಬಂತು. ಮೊಟ್ಟೆ ಹುರಿಯುತ್ತಿದ್ದ ಅಡುಗೆಯವನು ಸಟ್ಟುಗ ಹಿಡಿದು ಹೊರಗೆ ಬಂದು ನಿಲ್ಲುವನು. ಕ್ಲೈಡ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವನು. ಹೋಟೆಲು ಮುಚ್ಚಿ ಎಷ್ಟೋ ವರ್ಷವಾದರೂ ಊರಿನವರು ನೆನೆಯುವುದು ಆ ಬೆಳಗುಗಳನ್ನೇ.

ಹೀಗಿರುವಾಗ ಒಂದು ದಿನ, ಬಾತು ಚರ್ಚಿನೊಳಗೆ ನುಗ್ಗಿ ಪಾದ್ರಿಯನ್ನು ಅಟ್ಟಾಡಿಸುತ್ತಿರುವಾಗ ಆರ್ಲೊ ಸಕ್ಕರೆಗೆಂದು ಕೌಂಟರ್ ಸುತ್ತಿ ಬಂದ. ಅವಳ ಭುಜದ ಮೇಲಿಂದ ಟ್ಯಾಬಿಗೆ ಇಣುಕಿದ.

"ಇದರಲ್ಲಿ ಬಾತೂ ಇಲ್ಲ, ಪಾದ್ರಿನೂ ಇಲ್ಲ," ಎಂದ. "ಈ ತಿಂಗಳು ಪೂರ್ತಿ ರಜೆ ಅಂತ ಬರೆದು ಹೋಗಿದ್ದಾಳೆ ಆ ಹುಡುಗಿ. ಏನಮ್ಮ ವರ್ನಾ, ಇಷ್ಟು ದಿನ ನಮ್ಮ ಕಿವಿ ಮೇಲೆ ಹೂ ಇಟ್ಟೆಯಾ?"

ವರ್ನಾ ಕಾಫಿ ಜಗ್ಗನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಕ್ಲೈಡ್ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟ.

"ನಂಗೆ ಮೊದಲ ದಿನಾನೇ ಗೊತ್ತಾಯ್ತು," ಎಂದ. "ಆ ಹುಡುಗಿ ಬಾತಿಗೆ ಮಾತೇ ಬರಲ್ಲ. ಇವಳ ಬಾತು ಬಾಯಿ ಮುಚ್ಚಿದ್ದೇ ಇಲ್ಲ. ನಂಗೆ ಕಣ್ಣು ಹೋಗಿದೆ ಕಣೋ ಆರ್ಲೊ. ನಿನ್ನ ಮುಖಾನೂ ಕಾಣಲ್ಲ, ಅದೊಂದು ಪುಣ್ಯ. ಸುಮ್ಮನೆ ಕೂತ್ಕೋ, ಅವಳು ಮುಗಿಸ್ಲಿ."

ಆರ್ಲೊ ಸಕ್ಕರೆ ಮರೆತು ಬಂದು ಕೂತ. ಎಲ್ಲರೂ ವರ್ನಾಳನ್ನು ನೋಡಿದರು. ಅವಳು ಜಗ್ಗನ್ನು ಕೆಳಗಿಟ್ಟು, ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಕಣ್ಣೀರು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆರ್ಲೊ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡ. ಆ ರಜೆಯ ಸಾಲನ್ನೇ ದಿಟ್ಟಿಸಿ ಕೆಮ್ಮಿದ.

"ಬಾತು ಈಗ... ಪಾದ್ರಿ ಟೋಪಿ ಮೇಲೆ ಹತ್ತಿ ಕೂತಿದೆ," ಎಂದ.

ಕ್ಲೈಡ್ ಕಣ್ಣು ಮುಚ್ಚಿಕೊಂಡು ಕೇಳಿದ: "ಯಾವ ಕಡೆ ಮುಖ ಮಾಡಿ?"

ಆರ್ಲೊ ಯೋಚಿಸಿದ.

"ನಮ್ಮ ಕಡೆಗೇ ಕಣೋ."