ತಂಗಿ ಸರಿ ಮಾಡಿದ ಕಾರನ್ನು ನಾನು ಕೆಡಿಸಿದೆ

೧೯೫೮ನೆಯ ಇಸವಿ. ನನಗೆ ಆಗ ಇಪ್ಪತ್ತೆರಡು ವರ್ಷ. ಮಂಗಳೂರಿನ ಫಳ್ನೀರಿನಲ್ಲಿ ನಮ್ಮ ಮನೆಗೆ ತಾಗಿಕೊಂಡೇ ಪಪ್ಪನ ಗ್ಯಾರೇಜ್ ಇತ್ತು. ತಗಡಿನ ಮಾಡು, ಮೂರು ಕಾರು ಹಿಡಿಸುವಷ್ಟು ಜಾಗ. ನಾನು ಒಬ್ಬನೇ ಮಗ. ಪಪ್ಪನ ನಂತರ ಗ್ಯಾರೇಜ್ ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೆಯೇ ತಿಳಿದಿದ್ದೆ.

ಆ ವರ್ಷ ಪಪ್ಪನ ಕಣ್ಣಿಗೆ ಪೊರೆ ಬಂತು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಣ್ಣ ಸಂದು ಇರುತ್ತದಲ್ಲ, ಅದನ್ನು ನಾವು ಗ್ಯಾಪ್ ಎನ್ನುತ್ತೇವೆ. ಅದನ್ನು ತೆಳ್ಳಗಿನ ಉಕ್ಕಿನ ಗೇಜ್ ತೂರಿಸಿ ಅಳೆಯಬೇಕು. ಪಪ್ಪನಿಗೆ ಅದು ಕಾಣದಾಯಿತು. ನಾನು ಬಸ್ಸಿನ ಕೆಲಸಕ್ಕೆ ಹೊರಗೆ ಹೋಗಿದ್ದ ಒಂದು ದಿನ ಅವರು ನನ್ನ ತಂಗಿ ಐರಿನಳನ್ನು ಕರೆದು, "ಬಾಯೇ, ಇದನ್ನು ಸ್ವಲ್ಪ ನೋಡಿ ಹೇಳು" ಎಂದರಂತೆ. ನಮ್ಮ ಕೊಂಕಣಿಯಲ್ಲಿ ಮಗಳನ್ನು ಮುದ್ದಿನಿಂದ ಕರೆಯುವುದು ಹಾಗೆ. ಅವಳಿಗೆ ಇಪ್ಪತ್ತು ವರ್ಷ. ಶಾಲೆ ಮುಗಿಸಿ ಮನೆಯಲ್ಲಿದ್ದಳು. ಮೂರು ತಿಂಗಳು ಕಳೆಯುವಷ್ಟರಲ್ಲಿ ಪಪ್ಪ ಕಾರಿನ ಬಾನೆಟ್ ತೆಗೆದರೆ ಮೊದಲು ಕರೆಯುವುದು ಅವಳನ್ನೇ ಎಂದಾಯಿತು.

ಅವಳಿಗೆ ಒಳ್ಳೆಯ ಕಿವಿ ಇತ್ತು. ಓಡುವ ಎಂಜಿನ್ನಿನ ಪಕ್ಕ ನಿಂತು, "ಪಪ್ಪಾ, ಮೂರನೆಯದ್ದು ಹೊಡೀತಾ ಇಲ್ಲ" ಎನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಮೂರನೆಯ ಪ್ಲಗ್ಗೇ ಕೆಟ್ಟಿರುತ್ತಿತ್ತು. ಆರು ವರ್ಷ ಮೈಯೆಲ್ಲ ಎಣ್ಣೆ ಮಾಡಿಕೊಂಡ ನನಗೆ ಅದು ಕೇಳಿಸುತ್ತಿರಲಿಲ್ಲ. ಪಪ್ಪ ನಗುತ್ತಿದ್ದರು. ನನ್ನ ಕೆಲಸ ನೋಡಿ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಹೀಗಿರುವಾಗ ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಹಮ್ಮಬ್ಬ ಸಾಹೇಬರ ಕಾರು ಬಂತು. ಬೆಳಿಗ್ಗೆ ಚೆನ್ನಾಗಿ ಹೊರಡುತ್ತದೆ, ಅರ್ಧ ಗಂಟೆ ಓಡಿದ ಮೇಲೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ, ತಣಿದ ಮೇಲೆ ಪುನಃ ಹೊರಡುತ್ತದೆ. ನಾನು ಪೆಟ್ರೋಲಿನ ತೊಂದರೆ ಎಂದು ಹೇಳಿ ಕಾರ್ಬುರೇಟರ್ ಬಿಚ್ಚಿ ತೊಳೆದೆ. ಎರಡು ದಿನದಲ್ಲಿ ಕಾರು ವಾಪಸ್ ಬಂತು. ಪಂಪ್ ಬಿಚ್ಚಿದೆ. ಪುನಃ ವಾಪಸ್. ಪ್ಲಗ್ ಬದಲಾಯಿಸಿದೆ. ಪುನಃ ವಾಪಸ್.

"ಎಂತ ಪೊರ್ಬುಗಳೇ, ನಿಮ್ಮ ಮಗನಿಗೆ ಇದು ಆಗುದಿಲ್ವಾ?" ಎಂದು ಸಾಹೇಬರು ಪಪ್ಪನನ್ನು ಕೇಳಿಯೇ ಬಿಟ್ಟರು. ನಮ್ಮ ಊರಿನಲ್ಲಿ ಕ್ರಿಶ್ಚಿಯನ್ನರನ್ನು ಪೊರ್ಬುಗಳೆಂದೇ ಕರೆಯುವುದು.

ಐರಿನ್ ಎಂಜಿನ್ನನ್ನು ಅರ್ಧ ಗಂಟೆ ಓಡಿಸಿಟ್ಟಳು. ಅದು ನಿಂತ ಕೂಡಲೇ ಒಂದು ಪ್ಲಗ್ಗಿನ ವಯರ್ ಎಳೆದು ಎಂಜಿನ್ನಿನ ಹತ್ತಿರ ಹಿಡಿದು, ಸೆಲ್ಫ್ ಹೊಡೆಯಲು ನನಗೆ ಹೇಳಿದಳು. ನೀಲಿ ಕಿಡಿ ಬರಬೇಕಾದಲ್ಲಿ ಸಣಕಲು ಹಳದಿ ಕಿಡಿ ಬಂತು. ಆಮೇಲೆ ಅವಳು ಇಗ್ನಿಷನ್ ಕಾಯಿಲ್ ಮೇಲೆ ಅಂಗೈ ಇಟ್ಟು ಚಟ್ಟನೆ ತೆಗೆದಳು. ಬ್ಯಾಟರಿಯ ಕರೆಂಟನ್ನು ಏರಿಸಿ ಪ್ಲಗ್ಗಿಗೆ ಕಳಿಸುವುದು ಆ ಕಾಯಿಲ್.

"ಪಪ್ಪಾ, ಮುಟ್ಟಿ ನೋಡಿ. ಕೈ ಇಡ್ಲಿಕ್ಕೆ ಆಗುದಿಲ್ಲ."

ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟಳು. ಕಾರು ಒಂದೇ ಸಲಕ್ಕೆ ಹೊರಟಿತು. ನಾನು ಹದಿನೈದು ದಿನ ಹುಡುಕಿದ್ದನ್ನು ಅವಳು ಒಂದೇ ಬೆಳಿಗ್ಗೆ ಹಿಡಿದಿದ್ದಳು. ಪಪ್ಪ ಅವಳ ತಲೆ ಸವರಿ ಕೊಂಕಣಿಯಲ್ಲಿ, "ನೀನು ಗಂಡಾಗಿ ಹುಟ್ಟಬೇಕಿತ್ತು" ಎಂದರು. ನಾನು ಅಲ್ಲೇ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ.

ಮರುದಿನ ಹೊಸ ಕಾಯಿಲ್ ಹಾಕಿ, ನಾಲ್ಕೂ ಪ್ಲಗ್ಗುಗಳ ಗ್ಯಾಪನ್ನು ಅವಳೇ ಅಳೆದು ಸೆಟ್ ಮಾಡಿದಳು. ಸಂಜೆ ಸಾಹೇಬರು ಕಾರು ಕೊಂಡುಹೋಗುವವರಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಒಳಗೆ ಹೋದರು. ನಾನು ಕೈ ತೊಳೆದು ಬರುತ್ತೇನೆಂದು ಹಿಂದೆ ಉಳಿದೆ. ಎರಡನೆಯ ಮತ್ತು ಮೂರನೆಯ ಪ್ಲಗ್ ಬಿಚ್ಚಿ, ಗ್ಯಾಪನ್ನು ಸುಮಾರು ದುಪ್ಪಟ್ಟು ಅಗಲ ಮಾಡಿ ಪುನಃ ಕೂರಿಸಿದೆ. ಹಾಗೆ ಮಾಡಿದರೆ ಗ್ಯಾರೇಜಿನಲ್ಲಿ ನಿಂತು ಓಡುವಾಗ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಭಾರ ಎಳೆಯುವಾಗ ಮಾತ್ರ ಕಿಡಿ ಆ ಸಂದನ್ನು ಹಾರಲಾರದೆ ತಪ್ಪುತ್ತದೆ. ಸಾಹೇಬರು ಒಮ್ಮೆ ಬೈದು ವಾಪಸ್ ಬರಲಿ, ಐರಿನ್ ಒಮ್ಮೆ ತಲೆ ತಗ್ಗಿಸಲಿ, ಅಷ್ಟೇ ನನಗೆ ಬೇಕಿದ್ದದ್ದು.

ಮರುದಿನ ಹನ್ನೊಂದು ಗಂಟೆಗೆ ಬಂಟ್ವಾಳ ಕಡೆಯ ಬಸ್ಸಿನ ಕಂಡಕ್ಟರ್ ಓಡಿ ಬಂದ. "ಸಾಹೇಬರ ಕಾರು ಪಡೀಲಿನ ಏರಿನಲ್ಲಿ ನಿಂತಿದೆ. ಹೆರಿಗೆಗೆ ಮಗಳನ್ನು ಕರ್ಕೊಂಡು ಬರ್ತಾ ಇದ್ದರು. ಬಸ್ಸಿಗೆ ಹತ್ತಿಸ್ಲಿಕ್ಕೆ ನೋಡಿದೆವು, ಅವಳಿಗೆ ಮೆಟ್ಟಿಲು ಹತ್ತಲಿಕ್ಕೇ ಆಗಲಿಲ್ಲ. ಬೇಗ ಹೋಗಿ ಮಾರಾಯ್ರೆ!"

ಮಗಳ ವಿಷಯ ನನಗೆ ಗೊತ್ತಿರಲಿಲ್ಲ. ಪಪ್ಪ ಟ್ಯಾಕ್ಸಿ ಹುಡುಕಲು ಓಡಿದರು. ನಾನು ಸೈಕಲ್ ಹತ್ತಿದೆ, ಐರಿನ್ ಸಾಮಾನಿನ ಚೀಲ ಹಿಡಿದು ಕ್ಯಾರಿಯರಿನಲ್ಲಿ ಕೂತಳು.

ಕಾರಿನ ಕಿಟಕಿಗಳಿಗೆ ಸೀರೆ ಇಳಿಬಿಟ್ಟಿದ್ದರು. ಒಳಗಿನಿಂದ ನರಳಾಟ ಕೇಳುತ್ತಿತ್ತು. ಸಾಹೇಬರು ಟೊಪ್ಪಿ ಕೈಯಲ್ಲಿ ಹಿಡಿದು ರಸ್ತೆಯ ಮಧ್ಯದಲ್ಲಿ ನಿಂತಿದ್ದರು. "ಹೋಗುವಾಗಲೇ ಏರಿನಲ್ಲಿ ಸ್ವಲ್ಪ ಮುಗ್ಗರಿಸ್ತಾ ಇತ್ತು, ನಾನು ಲಕ್ಷ್ಯ ಮಾಡಲಿಲ್ಲ" ಎಂದು ಅಳುವ ಸ್ವರದಲ್ಲಿ ಹೇಳಿದರು. ನಾನು ಬಾನೆಟ್ ತೆಗೆದವನೇ ಎರಡನೆಯ ಪ್ಲಗ್ ಬಿಚ್ಚಿದೆ. ತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿ ಗ್ಯಾಪ್ ಕಡಿಮೆ ಮಾಡಿ ಕೂರಿಸಿದೆ. ಆಮೇಲೆ ಮೂರನೆಯದು. ಒಂದನೆಯದನ್ನೂ ನಾಲ್ಕನೆಯದನ್ನೂ ಮುಟ್ಟಲೇ ಇಲ್ಲ. ಗೇಜ್ ಹಿಡಿದು ಕೈ ಚಾಚಿದ್ದ ಐರಿನ್ ಹಾಗೆಯೇ ನಿಂತುಬಿಟ್ಟಳು. ಕೆಟ್ಟ ಪ್ಲಗ್ ಯಾವುದೆಂದು ಗೊತ್ತಿಲ್ಲದವನು ಒಂದನೆಯದರಿಂದ ಶುರು ಮಾಡುತ್ತಾನೆ. ಅದನ್ನು ಅವಳು ನೋಡಿದಳು, ಅವಳು ನೋಡಿದ್ದನ್ನು ನಾನೂ ನೋಡಿದೆ.

ಕಾರು ಏರು ಹತ್ತಿತು, ನಾವೂ ಹಿಂದೆಯೇ ಆಸ್ಪತ್ರೆಗೆ ಹೊರಟೆವು. ಟ್ಯಾಕ್ಸಿಯಲ್ಲಿ ಬರುತ್ತಿದ್ದ ಪಪ್ಪ ನಮಗೆ ದಾರಿಯಲ್ಲೇ ಎದುರಾದರು. ಆಸ್ಪತ್ರೆ ಮುಟ್ಟಿ ಅರ್ಧ ಗಂಟೆಯಲ್ಲಿ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸಾಹೇಬರು ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಬಂದದ್ದಕ್ಕೆ ಆಯ್ತು ಮಗಾ. ಹುಡುಗಿಯರ ಕೈಯಲ್ಲಿ ಮಾಡಿಸುವ ಕೆಲಸವಾ ಇದು!" ಎಂದರು. ಐರಿನ್ ಅಲ್ಲೇ ಇದ್ದಳು.

ಮನೆಗೆ ಬಂದ ಮೇಲೆ ಪಪ್ಪ ಕೇಳಿದರು, "ಎಂತ ಆಗಿತ್ತು?"

"ಗ್ಯಾಪ್ ಜಾಸ್ತಿ ಇತ್ತು" ಎಂದೆ ನಾನು.

ಪಪ್ಪ ತಂಗಿಯ ಕಡೆ ತಿರುಗಿದರು. "ಗೇಜ್ ಹಾಕಿ ನೋಡಿದ್ದಿಯಾ?"

"ಹಾಕಿದ್ದೆ ಪಪ್ಪಾ." ಅಷ್ಟು ಹೇಳಿ ಅವಳು ನನ್ನನ್ನೇ ನೋಡುತ್ತಾ ನಿಂತಳು. ನಾನು ಬಾವಿಕಟ್ಟೆಗೆ ಹೋಗಿ ಕೈ ತೊಳೆಯತೊಡಗಿದೆ. ಅಷ್ಟು ಹೊತ್ತು ನಾನು ಯಾವತ್ತೂ ಕೈ ತೊಳೆದವನಲ್ಲ.

ಮರುದಿನದಿಂದ ಪಪ್ಪ ಅವಳನ್ನು ಗ್ಯಾರೇಜಿಗೆ ಕರೆಯಲಿಲ್ಲ. ಎರಡು ತಿಂಗಳಲ್ಲಿ ಅವಳನ್ನು ನರ್ಸಿಂಗ್ ಕಲಿಯಲು ಮದರಾಸಿಗೆ ಕಳಿಸಿದರು. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಬಾನೆಟ್ ತೆಗೆದಾಗಲೆಲ್ಲ ಪಪ್ಪ ಮರೆತು, "ಬಾಯೇ..." ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅಲ್ಲಿ ಇಲ್ಲದವಳ ಮೇಲೆಯೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಎರಡು ವರ್ಷದ ಮೇಲೆ ಅವಳು ರಜೆಯಲ್ಲಿ ಬಂದಾಗ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಹಿಂದೆ ಕರೆದು ಎಲ್ಲವನ್ನೂ ಹೇಳಿದೆ.

"ಗೊತ್ತುಂಟು" ಎಂದಳು.

"ಮತ್ತೆ ಪಪ್ಪನಿಗೆ ಯಾಕೆ ಹೇಳಲಿಲ್ಲ?"

"ನೀನು ಹೇಳ್ತಿ ಅಂತ ಕಾದೆ ವಿಲ್ಲಿ. ಆ ದಿನ ಹೇಳ್ತಿ, ಮರುದಿನ ಹೇಳ್ತಿ ಅಂತ. ರೈಲು ಹೊರಡುವ ತನಕ ಕಾದೆ."

ಆ ಸಂಜೆಯೇ ಪಪ್ಪನ ಮುಂದೆ ನಿಂತು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಆಮೇಲೆ ಐರಿನಳನ್ನು ಹತ್ತಿರ ಕರೆದು, "ವಾಪಸ್ ಬರ್ತೀಯಾ ಬಾಯೇ?" ಎಂದು ಕೇಳಿದರು. ಅವರ ಧ್ವನಿ ನಡುಗುತ್ತಿತ್ತು.

"ನನಗೆ ಈಗ ನರ್ಸಿಂಗ್ ಕೆಲಸ ಬರ್ತದೆ ಪಪ್ಪಾ, ಇಷ್ಟವೂ ಉಂಟು. ಆದರೆ ಅದು ನಾನು ಕೇಳಿದ್ದಲ್ಲ" ಎಂದಳು. ವಾಪಸ್ ಬರಲಿಲ್ಲ.

ಸಾಹೇಬರ ಅಂಗಡಿಗೂ ಹೋಗಿ ನಿಜ ಹೇಳಿದೆ. ಅವರು ಮತ್ತೆ ನಮ್ಮ ಗ್ಯಾರೇಜಿಗೆ ಕಾರು ತರಲಿಲ್ಲ.

ಐರಿನ್ ನನ್ನನ್ನು ಎಂದೋ ಕ್ಷಮಿಸಿದ್ದಾಳೆ, ಹಬ್ಬಕ್ಕೆ ಕಾಗದ ಬರೆಯುತ್ತಾಳೆ. ಆದರೆ ಅಂದು ಪಪ್ಪ ನಡುಗುವ ಧ್ವನಿಯಲ್ಲಿ ಅವಳನ್ನು ಕರೆದಾಗ, ಅಷ್ಟೆಲ್ಲ ಮಾಡಿ ತಲೆ ತಗ್ಗಿಸಿ ನಿಂತಿದ್ದ ನನಗೆ, ನನ್ನನ್ನು ಒಮ್ಮೆಯೂ ಹಾಗೆ ಕರೆಯಲಿಲ್ಲವಲ್ಲ ಎನಿಸಿತ್ತು. ಮಾಡಿದ ತಪ್ಪಿಗಿಂತ ಆ ಕ್ಷಣಕ್ಕೇ ನನಗೆ ಇಂದಿಗೂ ಹೆಚ್ಚು ನಾಚಿಕೆಯಾಗುತ್ತದೆ.