ಟಾರ್ಚು ಹಿಡಿಯುತ್ತಿದ್ದ ಯಶೋದಮ್ಮ

ಮಳವಳ್ಳಿಯ ಯಶೋದಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರಿನ ಹಿಂದೆ ಕೂರುವುದೆಂದರೂ ಭಯ. ಆದರೆ ನೀರಿನಿಂದ ಗ್ಯಾಸು ಮಾಡಿ ಇಂಜಿನ್ನಿಗೆ ಕೊಡುವ ಡಬ್ಬಿ ಕೆಟ್ಟರೆ ಎಲ್ಲೆಲ್ಲಿ ನೋಡಬೇಕು ಎಂಬುದನ್ನು ಆಕೆ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಸ್ಟೀಲ್ ತಗಡು ಕಳಪೆ. ಫ್ಯೂಸು ಸುಟ್ಟರೆ ನೀರಿಗೆ ಬೆರೆಸಿದ ಸೋಡ ಜಾಸ್ತಿ. ಗುಳ್ಳೆ ಎದ್ದೂ ಪೈಪಿಗೆ ಗ್ಯಾಸು ಬಾರದಿದ್ದರೆ ಎಲ್ಲೋ ಸೋರುತ್ತಿದೆ. ಇದಿಷ್ಟನ್ನೂ ಅವಳು ಕಲಿತದ್ದು ಗಂಡನ ತಲೆಯ ಮೇಲೆ ಟಾರ್ಚು ಹಿಡಿದು ನಿಂತು.

ಗಂಡ ಚಲುವರಾಜು. ಊರಿನವರ ಬಾಯಲ್ಲಿ ಡೈನಮೋ ಚಲುವರಾಜು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಒಂದು ಕಾಲದಲ್ಲಿ ಕೊಪ್ಪದಿಂದಲೂ ಟ್ರ್ಯಾಕ್ಟರು ತಂದು ನಿಲ್ಲಿಸಿಕೊಂಡು, ಅವನು ಡೈನಮೋ ಬಿಚ್ಚಿ ತಂತಿ ಸುತ್ತುವವರೆಗೆ ಜನ ಬೀಡಿ ಸೇದುತ್ತ ಕಾಯುತ್ತಿದ್ದರು. ಈಗ ಯಾರೂ ಬಿಚ್ಚುವುದಿಲ್ಲ. ಕೆಟ್ಟದ್ದನ್ನು ಎಸೆದು ಹೊಸದು ಹಾಕುತ್ತಾರೆ. ಚಲುವರಾಜು ಅರ್ಧ ಬಾಗಿಲು ತೆರೆದು ಸುಮ್ಮನೆ ಕೂರಲು ಶುರುಮಾಡಿದ. ಮನೆಗೆ ಬಂದರೂ ಅದೇ. ಮಕ್ಕಳಿಲ್ಲದ ಮನೆಯಲ್ಲಿ ಅವನೂ ಮಾತು ಬಿಟ್ಟ ಮೇಲೆ ಸದ್ದು ಮಾಡುವುದು ಕುಕ್ಕರೊಂದೇ ಆಯಿತು.

ಹಾಗಿರುವಾಗ ಅವನು ಫೋನಿನಲ್ಲಿ ಒಂದು ವಿಡಿಯೋ ನೋಡಿದ. ನೀರಿಗೆ ಕರೆಂಟು ಹಾಯಿಸಿದರೆ ಹೈಡ್ರೋಜನ್ ಬರುತ್ತದೆ, ಅದನ್ನು ಇಂಜಿನ್ನಿಗೆ ಬಿಟ್ಟರೆ ಪೆಟ್ರೋಲು ಕಡಿಮೆ ಸಾಕು ಎಂದು ಯಾರೋ ತೋರಿಸುತ್ತಿದ್ದ. ಮರುದಿನವೇ ಚಲುವರಾಜು ತನ್ನ ಹಳೇ ಓಮ್ನಿ ವ್ಯಾನಿನಲ್ಲಿ ಇಂಜಿನ್ನಿನ ಮೇಲಿದ್ದ ಮುಂದಿನ ಸೀಟು ಎತ್ತಿದ.

“ಯಸೋದಾ, ಟಾರ್ಚು ಇಡ್ಕ ಬಾ.”

ಎರಡು ವರ್ಷದ ಮೇಲೆ ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವತ್ತಿನಿಂದ ಮಧ್ಯಾಹ್ನ ಊಟವಾದ ಮೇಲೆ ಇಬ್ಬರಿಗೂ ಅದೇ ಕೆಲಸ. ಅವನು ಒಳಗೆ ತಲೆ ತೂರಿಸಿ ಬೈಯುತ್ತಿದ್ದ, ಹಾಡುತ್ತಿದ್ದ, ಕಾಲೇಜು ಓದಿದವಳಿಗೆ ಹೇಳುವಂತೆ ಎಲ್ಲವನ್ನೂ ವಿವರಿಸುತ್ತಿದ್ದ. ತೋಳು ನೋಯುತ್ತದೆ ಎಂದು ಅವಳು ಗೊಣಗುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಷ್ಟು ಸುಖವಾಗಿ ಅವಳೆಂದೂ ಇರಲಿಲ್ಲ.

ಡಬ್ಬಿಯಲ್ಲಿ ಗುಳ್ಳೆ ಬಂತು, ಗ್ಯಾಸೂ ಬಂತು. ಅಳತೆ ಮಾತ್ರ ಉಳಿದಿತ್ತು. ಟ್ಯಾಂಕು ತುಂಬಿಸಿ, ಮುನ್ನೂರು ಕಿಲೋಮೀಟರು ಓಡಿಸಿ, ಮತ್ತೆ ತುಂಬಿಸುವಾಗ ಎಷ್ಟು ಲೀಟರು ಹಿಡಿಯುತ್ತದೆ ಎಂದು ನೋಡಬೇಕು. ಇಪ್ಪತ್ತು ಲೀಟರು ಹಿಡಿಯಿತು. ಡಬ್ಬಿ ಇಲ್ಲದಾಗಲೂ ಅಷ್ಟೇ ಹಿಡಿಯುತ್ತಿತ್ತು. ಲೀಟರಿಗೆ ಹದಿನೈದು ಕಿಲೋಮೀಟರು.

ಅವತ್ತು ಅವನು ಊಟ ಮಾಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ. ಹಳೇ ಮೌನ ಮತ್ತೆ ಮನೆಯೊಳಗೆ ಬಂದು ಕುಳಿತದ್ದು ಯಶೋದಮ್ಮನಿಗೆ ಗೊತ್ತಾಯಿತು.

ಮುಂದಿನ ಸಲ ಅವನು ಟ್ಯಾಂಕು ತುಂಬಿಸಲು ಹೋಗುವ ಹಿಂದಿನ ದಿನ ಬೆಳಿಗ್ಗೆ, ಅವನು ಅಂಗಡಿಗೆ ನಡೆದ ಮೇಲೆ, ಅವಳು ಪೆಟ್ಟಿಗೆ ಅಂಗಡಿ ಕುಸುಮಳ ಹತ್ತಿರ ಲೀಟರಿನ ನಾಲ್ಕು ಬಾಟ್ಲಿ ಪೆಟ್ರೋಲು ತಂದಳು.

“ನಿಮ್ ಕಾರು ನೀರ್ ಕುಡಿಯಾದಲ್ವಾ ಯಸೋದಕ್ಕ?” ಅಂದಳು ಕುಸುಮ.

“ಅಂಗ್ಡೀಲಿ ಗ್ರೀಸ್ ತೊಳ್ಯಕ್ಕೆ ಕಣವ್ವ.”

ಸುರಿಯುವಾಗ ಸ್ವಲ್ಪ ಸೀರೆಗೂ ಚೆಲ್ಲಿತು. ಮಿಕ್ಕದ್ದನ್ನು ಟ್ಯಾಂಕಿಗೆ ಸುರಿದು ಮುಚ್ಚಳ ಹಾಕಿ ಬೀಗ ತಿರುಗಿಸಿದಳು. ಮರುದಿನ ಬಂಕಿನಿಂದ ಬಂದ ಚಲುವರಾಜುವಿನ ಮುಖ ನೋಡಬೇಕಿತ್ತು. ಹದಿನಾರೇ ಲೀಟರು ಹಿಡಿದಿತ್ತು. ಲೀಟರಿಗೆ ಹತ್ತತ್ತಿರ ಹತ್ತೊಂಬತ್ತು. ಅವನು ಗೋಡೆಯ ಕ್ಯಾಲೆಂಡರಿನ ಮೇಲೆ ಅದನ್ನು ದೊಡ್ಡದಾಗಿ ಬರೆದ, ಮದ್ದೂರಿಗೆ ಹೋಗಿ ವಡೆ ಕಟ್ಟಿಸಿಕೊಂಡು ಬಂದು ಬೀದಿಗೆಲ್ಲ ಹಂಚಿದ.

ಒಂದೇ ಸಲ ಎಂದುಕೊಂಡಿದ್ದಳು. ಆದರೆ ಒಂದು ಸಲ ಸುರಿದವಳು ನಿಲ್ಲಿಸುವುದು ಹೇಗೆ? ಐದು ತಿಂಗಳು, ಐದು ಸಲ ಸುರಿದಳು. ಕ್ಯಾಲೆಂಡರಿನಲ್ಲಿ ಐದು ಅಂಕಿಗಳು ಸಾಲಾಗಿ ನಿಂತವು.

ಸುದ್ದಿ ಮಂಡ್ಯಕ್ಕೂ ಹೋಯಿತು. ಅಲ್ಲಿನ ಒಂದು ಕಾಲೇಜಿನವರು ತಂದು ತೋರಿಸಿ ಎಂದು ಕರೆದರು. ಚಲುವರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಪಕ್ಕದ ಪಂಕ್ಚರ್ ಅಂಗಡಿಯ ಶಿವರಾಜು, ಮೂವತ್ತು ವರ್ಷದ ಗೆಳೆಯ, ಡಬ್ಬಿಗೆ ನೀರು ಹಾಕಲು ಕ್ಯಾನು ಹಿಡಿದು ಜೊತೆಗೆ ಹೋದ. ಯಶೋದಮ್ಮ ಬೇಡವೆನ್ನಲು ಬಾಯಿ ತೆರೆದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮುಚ್ಚಿಕೊಂಡಳು. ಆ ಒಂದು ಗಳಿಗೆಗಾಗಿ ಇವತ್ತಿಗೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ.

ಕಾಲೇಜಿನವರು ಕಾರಿನ ಟ್ಯಾಂಕು ಮುಟ್ಟಲಿಲ್ಲ. ಗೆರೆ ಹಾಕಿದ ಗಾಜಿನ ಬಾಟ್ಲಿಯಿಂದ ನೇರವಾಗಿ ಇಂಜಿನ್ನಿಗೆ ಪೆಟ್ರೋಲು ಬಿಟ್ಟು, ಡಬ್ಬಿ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿದರು. ಡಬ್ಬಿ ಇದ್ದಾಗಲೇ ಒಂದಿಷ್ಟು ಜಾಸ್ತಿ ಕುಡಿಯಿತು. ಪಾರ್ಥಸಾರಥಿ ಎಂಬ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಗ್ಯಾಸಿಗೆ ಕರೆಂಟು ಬರೋದು ಡೈನಮೋದಿಂದ. ಡೈನಮೋ ತಿರುಗಿಸೋದು ಇಂಜಿನ್ನು, ಇಂಜಿನ್ನು ಓಡೋದು ಪೆಟ್ರೋಲಿಂದ. ನಿಮಗೆ ನಾನು ಹೇಳಬೇಕೇ ಚಲುವರಾಜು ಅವರೇ? ನೀವು ಸುಳ್ಳು ಹೇಳೋರಲ್ಲ. ಎಲ್ಲೋ ಅಳತೆ ತಪ್ಪಿದೆ.”

ಮೇಷ್ಟ್ರು ಒಳ್ಳೆಯವರು, ಅದೇ ತೊಂದರೆಯಾಯಿತು. ನಕ್ಕಿದ್ದರೆ ಚಲುವರಾಜು ನಾಲ್ಕು ಬೈದು ಹಗುರಾಗಿ ಬರುತ್ತಿದ್ದ. ನಗುವ ಕೆಲಸವನ್ನು ಕಾಲೇಜಿನ ಹುಡುಗರು ಫೋನಿನಲ್ಲಿ ವಿಡಿಯೋ ಹಂಚಿ ಮಾಡಿದರು. ವಾರದೊಳಗೆ ಮಳವಳ್ಳಿಯಲ್ಲಿ ಡೈನಮೋ ಚಲುವರಾಜು ಹೋಗಿ ನೀರ್ ಚಲುವನಾದ.

ಹೆದರಿದ ಯಶೋದಮ್ಮ ಪೆಟ್ರೋಲು ಸುರಿಯುವುದನ್ನು ನಿಲ್ಲಿಸಿಬಿಟ್ಟಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮನೆಯಲ್ಲೂ ಮೈಲೇಜು ಹದಿನೈದಕ್ಕೆ ಇಳಿಯಿತು. ಮಂಡ್ಯಕ್ಕೆ ಹೋಗುವವರೆಗೆ ಚೆನ್ನಾಗಿದ್ದದ್ದು ಅಲ್ಲಿಂದ ಬಂದ ಮೇಲೆ ಕೆಟ್ಟಿದೆ ಎಂದರೆ ಅಲ್ಲೇ ಏನೋ ಆಗಿದೆ ಎಂದು ಅವನು ಹುಡುಕತೊಡಗಿದ. ತಗಡುಗಳನ್ನು ಉಜ್ಜಿದ, ಬದಲಾಯಿಸಿದ. ರಬ್ಬರು ಬದಲಾಯಿಸಿದ. ಬ್ಯಾಟರಿ ನೀರು ಹೊಸದು ತಂದ. ಸೋಡವನ್ನು ಚಮಚದಲ್ಲಿ ಅಳೆದ. ಅವಳು ಟಾರ್ಚು ಹಿಡಿದು ನಿಂತಿದ್ದಳು. ಅವನು ಒಂದೊಂದೇ ತಪ್ಪನ್ನು ಹುಡುಕಿ ಅಲ್ಲ ಅಲ್ಲ ಎನ್ನುತ್ತಿದ್ದರೆ, ತಪ್ಪು ಅವನ ನೆತ್ತಿಯ ಮೇಲೇ ಬೆಳಕು ಬಿಡುತ್ತಿತ್ತು.

ಕೊನೆಗೆ ಅವನಿಗೆ ಶಿವರಾಜುವಿನ ಕ್ಯಾನು ನೆನಪಾಯಿತು. ಸೀದಾ ಹೋಗಿ ರಸ್ತೆಯಲ್ಲೇ ನಿಂತು ಕೇಳಿದ.

“ಆ ನೀರ್ಗೆ ಏನ್ ಬೆರಸ್ದೆ ಯೋಳ್ಲಾ. ನಾನು ಉದ್ಧಾರಾಗದು ನೋಡಕ್ಕಾಗ್ನಿಲ್ವಾ ನಿಂಗೆ?”

ಶಿವರಾಜುವಿನ ಕೈಯಲ್ಲಿ ಅರ್ಧ ಉಜ್ಜಿದ ಟ್ಯೂಬಿತ್ತು. “ನಾನ್ಯಾಕ್ಲಾ ಅಂಗ್ ಮಾಡ್ಲಿ,” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡ. ಮೂವತ್ತು ವರ್ಷ ಇಬ್ಬರೂ ಒಂದು ಟೀಯನ್ನು ಎರಡು ಮಾಡಿಕೊಂಡು ಕುಡಿದವರು. ಅವತ್ತು ಟೀ ಅಂಗಡಿಯವನು ಎರಡು ಲೋಟ ಬೇರೆ ಬೇರೆ ಕಡೆ ಇಟ್ಟು ಹೋದ.

ಮಧ್ಯಾಹ್ನ ಚಲುವರಾಜು ಸೀಟು ಎತ್ತಿ ಟಾರ್ಚು ಕೇಳಿದಾಗ ಯಶೋದಮ್ಮ ಅದನ್ನು ಹೊತ್ತಿಸಲಿಲ್ಲ.

“ಸಿವರಾಜಣ್ಣ ಏನೂ ಮಾಡಿಲ್ಲ ಕಣ್ರೀ. ಡಬ್ಬಿ ಕೆಟ್ಟೂ ಇಲ್ಲ, ಅದು ಮೊದ್ಲಿಂದ್ಲೂ ಇಂಗೇಯ. ನಾನೇ ಟ್ಯಾಂಕ್ಗೆ ಪೆಟ್ರೋಲ್ ಉಯ್ತಿದ್ದೆ.”

ಅವನು ಒಳಗಿಂದ ತಲೆ ತೆಗೆದು ಅವಳನ್ನೇ ನೋಡಿದ. ಸಿಟ್ಟಾಗುತ್ತಾನೆ ಎಂದು ಅವಳು ಕಾದಳು. ಹೊಡೆದರೂ ಸರಿ ಎನ್ನಿಸಿತ್ತು.

“ಎಷ್ಟು ಉಯ್ದೆ?” ಎಂದು ಕೇಳಿದ.

“ಸಲಕ್ಕೆ ನಾಕು ಬಾಟ್ಲಿ.”

ಅವನು ಕೈ ಒರೆಸಿಕೊಂಡು ಒಳಗೆ ಹೋದ. ಕ್ಯಾಲೆಂಡರಿನ ಮುಂದೆ ನಿಂತು ಪ್ರತಿ ಅಂಕಿಯ ಕೆಳಗೂ ನಾಲ್ಕು ಲೀಟರು ಸೇರಿಸಿ ಮತ್ತೆ ಲೆಕ್ಕ ಹಾಕಿದ. ನಾಲ್ಕು ತಿಂಗಳು ಹದಿನೈದು ಬಂತು. ಒಂದು ತಿಂಗಳು ಹದಿನೈದಕ್ಕೂ ಕಡಿಮೆ.

“ಮೇಷ್ಟ್ರು ಯೋಳಿದ್ದು ಸರಿಯಾಗದೆ,” ಅಂದ. “ಡಬ್ಬಿ ಹಾಕ್ದಾಗ ಡೈನಮೋ ಭಾರಾಗದು ನನ್ ಕೈಗೆ ಗೊತ್ತಾಗ್ತಿತ್ತು ಕಣಮ್ಮಿ. ಕೈ ಸುಳ್ಳು ಯೋಳ್ತದೆ, ಈ ಗೋಡೆ ಮೇಲಿರದು ನಿಜ ಅಂದ್ಕಂಡೆ.”

“ನೀವು ಮಾತಾಡ್ಲಿ ಅಂತ ಮಾಡ್ದೆ,” ಅಂದಳು. ಅವನು ಹೊರಗೆ ಹೋಗಿ ಓಮ್ನಿಯ ಸೀಟು ಇಳಿಸಿದ.

ಸಂಜೆಯೇ ಶಿವರಾಜುವಿನ ಅಂಗಡಿಗೆ ಹೋಗಿ, “ತಪ್ಪು ನಂದು ಕಣ್ಲಾ, ನಾನೇ ಅಳ್ತೆ ತಪ್ಪಿದ್ದೆ,” ಎಂದು ಹೇಳಿ ಬಂದ. ಊರಿಗೂ ಅದನ್ನೇ ಹೇಳಿದ. ಹೆಂಡತಿಯ ಹೆಸರು ಎಲ್ಲೂ ಎತ್ತಲಿಲ್ಲ. ಮನೆಯಲ್ಲಿ ಒಂದು ಮಾತು ಬೈಯಲಿಲ್ಲ. ಊಟ ಹಾಕಿದರೆ ಉಂಡ, ಕೇಳಿದರೆ ಉತ್ತರ ಕೊಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು.

ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಹೊರಗೆ ಓಮ್ನಿಯ ಸೀಟು ಎತ್ತಿದ ಸದ್ದು ಕೇಳಿಸಿತು. ಯಶೋದಮ್ಮ ಪಾತ್ರೆಯನ್ನು ಹಾಗೇ ಬಿಟ್ಟು ಟಾರ್ಚು ತೂಗುಹಾಕುವ ಗೂಟದ ಕಡೆ ಕೈ ಹಾಕಿದಳು. ಟಾರ್ಚು ಅಲ್ಲಿರಲಿಲ್ಲ. ಹೊರಗೆ ಓಡಿ ಬಂದಳು.

ಚಲುವರಾಜು ಡಬ್ಬಿಯನ್ನು ಬಿಚ್ಚಿ ತೆಗೆಯುತ್ತಿದ್ದ. ಪಕ್ಕದಲ್ಲಿ ಕಬ್ಬಿಣದ ಸಲಾಕೆ ಬಗ್ಗಿಸಿ ವೆಲ್ಡಿಂಗ್ ಮಾಡಿದ ಒಂದು ಸ್ಟ್ಯಾಂಡು ನಿಂತಿತ್ತು. ಅದರ ತುದಿಗೆ, ಸರಿಯಾಗಿ ಅವಳ ಕೈಯಷ್ಟೇ ಎತ್ತರಕ್ಕೆ, ಟಾರ್ಚನ್ನು ಸೈಕಲ್ ಟ್ಯೂಬಿನಿಂದ ಕಟ್ಟಿದ್ದ. ಬೆಳಕು ಅಲುಗಾಡದೆ ಬೀಳಬೇಕಾದ ಜಾಗಕ್ಕೇ ಬೀಳುತ್ತಿತ್ತು.

“ನೀನ್ ಒಳೀಕೋಗು ಯಸೋದಾ,” ಎಂದು ಅವನು ತಲೆ ಎತ್ತದೆ ಹೇಳಿದ. “ತೋಳು ನೋಯ್ತದೆ ಅಂತಿದ್ಯಲ್ಲ.”

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಉಳಿದ ಪಾತ್ರೆ ತೊಳೆದಳು.